ಅವರವರು ನಿಂತ ಜಾಗ

ಕಾಮಸಮುದ್ರದ ಕಡೆ ಗಂಡ–ಹೆಂಡಿರ ಜಗಳ ಹೊಸಿಲು ದಾಟಿತೆಂದರೆ ಹಿರಿಯರನ್ನು ಕೂರಿಸಿ ನ್ಯಾಯ ಮಾಡುವುದು ರೂಢಿ. ಬಂಗಾರಪೇಟೆ ತಾಲ್ಲೂಕಿನ ಈ ಹೋಬಳಿ ಆಂಧ್ರ, ತಮಿಳುನಾಡುಗಳ ಗಡಿಗೆ ಒತ್ತಿಕೊಂಡಿರುವುದರಿಂದ ಇಲ್ಲಿನ ನ್ಯಾಯಕ್ಕೆ ಮೂರು ನಾಲಗೆ. ಪೀಠಿಕೆ ಕನ್ನಡದಲ್ಲಿ ನಡೆದರೆ ಸಿಟ್ಟು ತೆಲುಗಿಗೆ ಹೊರಳುತ್ತದೆ. ಬೀಗರು ಆ ಕಡೆಯವರಾಗಿದ್ದರೆ ಅಳು ತಮಿಳಿನಲ್ಲಿ. ಮೇಷ್ಟ್ರೆಂಬ ಕಾರಣಕ್ಕೆ ನನಗೂ ಇಂಥ ಕೂಟಗಳಲ್ಲಿ ಒಂದು ಕುರ್ಚಿ ಸಿಗುತ್ತಿತ್ತು. ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿದರೆ ನಿಜ ಹೊರಬೀಳುತ್ತದೆ, ನಿಜ ಹೊರಬಿದ್ದರೆ ತಪ್ಪು ಯಾರದೆಂದು ತಿಳಿಯುತ್ತದೆ, ತಪ್ಪು ತಿಳಿದರೆ ತಿದ್ದಬಹುದು ಎಂಬುದು ಆ ಕುರ್ಚಿಯಲ್ಲಿ ಕೂತವರೆಲ್ಲರ ನಂಬಿಕೆ. ಉತ್ತರಪತ್ರಿಕೆಗಳನ್ನು ತಿದ್ದುತ್ತಲೇ ವಯಸ್ಸು ಕಳೆದ ನನಗೆ ಅದರಲ್ಲಿ ಸಂಶಯಪಡುವಂಥದ್ದು ಏನೂ ಕಂಡಿರಲಿಲ್ಲ.

ಅದನ್ನು ಅಲುಗಿಸಿದ್ದು ನಮ್ಮ ಮನೆಯದೇ ಒಂದು ಸಂಗತಿ. ನನ್ನ ತಮ್ಮ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ವಾಸ ಊರಿನಲ್ಲೇ. ಕತ್ತಲಿರುವಾಗಲೇ ಎದ್ದು ರೈಲು ಹಿಡಿಯುತ್ತಾನೆ, ಕತ್ತಲಾದ ಮೇಲೆ ಇಳಿಯುತ್ತಾನೆ. ಮನೆಯಲ್ಲಿ ಅಮ್ಮ, ತಮ್ಮನ ಹೆಂಡತಿ, ಅವರ ಒಬ್ಬನೇ ಮಗ. ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಯ ಹಿಂದಿನ ಶೀಟಿನ ಕೊಠಡಿಯಲ್ಲಿ ರೇಷ್ಮೆ ಹುಳು. ಒಂಬತ್ತನೇ ತರಗತಿಯಲ್ಲಿದ್ದ ಹುಡುಗ ಮೊದಲು ಅಪ್ಪನೊಡನೆ ಮಾತು ಬಿಟ್ಟ, ಆಮೇಲೆ ಶಾಲೆ ಬಿಟ್ಟ. ಇದಕ್ಕೆ ಪ್ರತಿಯೊಬ್ಬರ ಬಳಿಯೂ ಒಂದು ವಿವರಣೆ ಸಿದ್ಧವಾಗಿತ್ತು. ಮೊಬೈಲಿನಿಂದ ಕೆಟ್ಟ ಎಂದು ಅಮ್ಮ, ತಾಯಿಯ ಮುದ್ದಿನಿಂದ ಕೆಟ್ಟ ಎಂದು ತಮ್ಮ, ಅಪ್ಪನ ಬೈಗುಳದಿಂದ ಹೆದರಿದ ಎಂದು ಅವನ ಹೆಂಡತಿ. ಗಣಿತ ತಲೆಗೆ ಹತ್ತದೆ ಹೀಗಾಯಿತೆಂದು ನಾನು. ಪರೀಕ್ಷಿಸಿದ ವೈದ್ಯರು ಹುಡುಗನಿಗೆ ಔಷಧಿ ಬೇಡವೆಂದರು. ಮನೆಯವರೆಲ್ಲ ಒಟ್ಟಿಗೆ ಬೆಂಗಳೂರಿಗೆ ಹೋಗಿ ಒಬ್ಬ ಆಪ್ತಸಮಾಲೋಚಕಿಯನ್ನು ನೋಡಿ ಎಂದು ಚೀಟಿ ಬರೆದುಕೊಟ್ಟರು.

ಮನೆಮಂದಿಯನ್ನು ಚಿಕಿತ್ಸೆಯ ಒಳಕ್ಕೆ ಕರೆಯುವುದು ನಮ್ಮ ದೇಶಕ್ಕೆ ಹೊಸದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳಿಗೆ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡಿದ್ದರು. ನಮಗೆ ದೂರವಲ್ಲದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ರೋಗಿಯ ಜೊತೆಗೆ ಮನೆಯವರನ್ನು ಇರಿಸಿಕೊಳ್ಳುವ ಪದ್ಧತಿ ಬೆಳೆಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1970ರ ದಶಕದಲ್ಲಿ ಕುಟುಂಬಗಳಿಗೆಂದೇ ಒಂದು ಪ್ರತ್ಯೇಕ ಘಟಕ ರೂಪುಗೊಂಡಿತು. ಪಶ್ಚಿಮದ ಚಿಕಿತ್ಸಕರು ರೋಗಿಯೊಬ್ಬನನ್ನೇ ನೋಡುವ ಪದ್ಧತಿಯನ್ನು ಮುರಿಯಲು ವಾದ ಹೂಡಬೇಕಾಗಿದ್ದ ಕಾಲದಲ್ಲಿ ನಮ್ಮ ಆಸ್ಪತ್ರೆಗಳ ಜಗಲಿಗಳು ನೆಂಟರಿಷ್ಟರಿಂದ ತುಂಬಿಯೇ ಇದ್ದವು. ಆದರೂ ಒಂದು ವ್ಯತ್ಯಾಸವಿದೆ ಅನ್ನಿಸುತ್ತದೆ. ನಾವು ಆಸ್ಪತ್ರೆಗೆ ಹೋಗುವುದು ಸಾಕ್ಷಿ ಹೇಳುವುದಕ್ಕೆ. ಹುಡುಗನಿಗೆ ಏನಾಗಿದೆ ಎಂದು ವರದಿ ಒಪ್ಪಿಸಿ ಬೆಂಚಿನ ಮೇಲೆ ಕೂರುವುದಕ್ಕೆ. ನಾವೂ ವರದಿಯ ಒಳಗಿನವರೆಂಬುದು ಹೊಳೆಯುವುದಿಲ್ಲ. ಆ ದಿನ ನಮ್ಮಲ್ಲೂ ಎಲ್ಲರೂ ದಾರಿಯುದ್ದಕ್ಕೂ ತಮ್ಮ ತಮ್ಮ ಹೇಳಿಕೆಯನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ರೈಲಿನಲ್ಲಿ ಯಾರೂ ಮಾತಾಡಲಿಲ್ಲ.

ಆ ಹೇಳಿಕೆಗಳು ಕೆಲಸಕ್ಕೆ ಬರಲಿಲ್ಲ. ಆಪ್ತಸಮಾಲೋಚಕಿ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವರು. ಊರು, ಹೊಲ, ಹುಳುಮನೆ ಎಂದು ಒಂದಿಷ್ಟು ವಿಚಾರಿಸಿಕೊಂಡವರೇ, ಈಗ ಯಾರೂ ಏನೂ ಹೇಳುವುದು ಬೇಡ ಎಂದುಬಿಟ್ಟರು. ಹುಡುಗನ ಕಡೆ ತಿರುಗಿ, "ಇವರೆಲ್ಲ ಬೊಂಬೆಗಳು ಅಂದ್ಕೋ. ನಿಮ್ಮನೇಲಿ ಸಾಯಂಕಾಲ ಹೇಗಿರುತ್ತೋ ಹಾಗೆ ಇವರನ್ನ ನಿಲ್ಲಿಸು. ಮಾತಾಡಬೇಕಾಗಿಲ್ಲ" ಎಂದರು. ತಮ್ಮ ನಕ್ಕ. "ಇದೇನ್ ಮೇಡಂ, ನಾಟಕನಾ?" "ಹೌದು ಸಾರ್, ಸ್ವಲ್ಪ ಹೊತ್ತು" ಎಂದರು ಆಕೆ, ಮುಚ್ಚುಮರೆಯಿಲ್ಲದೆ.

ಹುಡುಗ ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಎದ್ದು ಅಪ್ಪನ ತೋಳು ಹಿಡಿದು ಬಾಗಿಲ ಬಳಿಗೆ ಕರೆದುಕೊಂಡು ಹೋಗಿ, ಮುಖ ಹೊರಗೆ ಮಾಡಿ ನಿಲ್ಲಿಸಿದ. ಬ್ಯಾಗನ್ನು ಹೆಗಲಿಗೇರಿಸಿದ. ಅಜ್ಜಿಯನ್ನು ಕೋಣೆಯ ನಡುವೆ ಕುರ್ಚಿಯಲ್ಲಿ ಕೂರಿಸಿದ. ನನ್ನನ್ನು ಆ ಕುರ್ಚಿಯ ಹಿಂದೆ ಕೈಕಟ್ಟಿ ನಿಲ್ಲಿಸಿದ. ನಾನು ಆ ಮನೆಯಲ್ಲಿ ವಾಸವಿಲ್ಲ, ಬಂಗಾರಪೇಟೆಯಲ್ಲಿದ್ದೇನೆ. ಆದರೂ ಅವನ ಸಾಯಂಕಾಲದಲ್ಲಿ ನಾನಿದ್ದೆ. ತಾಯಿಯ ಒಂದು ಕೈಯನ್ನು ಅಜ್ಜಿಯ ಕಡೆಗೆ ಚಾಚಿಸಿದ, ಇನ್ನೊಂದನ್ನು ಗೋಡೆಯ ಪಕ್ಕದ ಕಪಾಟಿನ ಕಡೆಗೆ, ಮುಖವನ್ನು ಬಾಗಿಲ ಕಡೆಗೆ ತಿರುಗಿಸಿದ. ಕಪಾಟಿನ ಪಕ್ಕದ ಸಂದಿಯಲ್ಲಿ ತಾನು ಹೋಗಿ ನಿಂತ. ತಾಯಿಯ ಕೈ ಅವನಿಗೆ ಒಂದು ಗೇಣು ದೂರದಲ್ಲಿತ್ತು. ಹಾಗೇ ನಿಂತಿರಿ ಎಂದರು ಆಕೆ. ಗಡಿಯಾರದ ಸದ್ದು ಕೇಳುವಷ್ಟು ಹೊತ್ತು ನಿಂತೆವು. ಮೊದಲು ಮಾತಾಡಿದ್ದು ತಮ್ಮನ ಹೆಂಡತಿ: "ಕೈ ನೋಯ್ತಾ ಇದೆ ಮೇಡಂ." ಅದಕ್ಕೆ ಅಮ್ಮ, ಅಪ್ಪಣೆಗೂ ಕಾಯದೆ, "ಇಳಿಸಮ್ಮ ಕೈನ, ಎಷ್ಟೊತ್ತು ಅಂತ ಹಿಡಿದಿರ್ತೀಯ" ಎಂದಳು. ಬಾಗಿಲ ಬಳಿಯಿಂದ ತಮ್ಮ, ತಿರುಗದೆಯೇ, "ನನಗಿಲ್ಲಿಂದ ಯಾರೂ ಕಾಣಿಸ್ತಾ ಇಲ್ಲ" ಎಂದ.

ಈ ಮೂರು ಮಾತುಗಳನ್ನು ನಾನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಇವುಗಳಲ್ಲಿ ಹೊಸ ಮಾಹಿತಿ ಏನೂ ಇಲ್ಲ. ಸೊಸೆ ದಣಿದಿದ್ದಾಳೆ, ಮಗ ಮನೆಯಲ್ಲಿರುವುದಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಅದನ್ನೇ ಅವಳು ಅಡುಗೆಮನೆಯಲ್ಲಿ ನಿಂತು ಹೇಳಿದ್ದರೆ ದೂರಾಗುತ್ತಿತ್ತು. ದೂರಿಗೆ ಅಮ್ಮನ ಬಳಿ ಉತ್ತರವಿತ್ತು: ನಾವು ಪಟ್ಟದ್ದೇನು ಕಡಿಮೆಯೇ? ಅದಕ್ಕೆ ತಮ್ಮನ ಬಳಿ ಇನ್ನೊಂದು ಉತ್ತರ. ಬಹುಕಾಲ ಒಟ್ಟಿಗೆ ಬಾಳಿದವರ ನಡುವೆ ಮಾತು ಹೀಗೆ ಸವೆದಿರುತ್ತದೆ. ಒಬ್ಬರು ಬಾಯಿ ತೆರೆಯುವ ಮೊದಲೇ ಇನ್ನೊಬ್ಬರ ಜವಾಬು ತಯಾರಾಗಿರುತ್ತದೆ. ಚಾಚಿದ ಕೈಗೆ ಅಂಥ ಸಿದ್ಧ ಜವಾಬು ಯಾರ ಬಳಿಯೂ ಇರಲಿಲ್ಲ. ಅತ್ತೆ ನೋಡಿದ್ದು ಕೈಯನ್ನು ಮಾತ್ರ. ಕೈಗೆ ನೋವಾಗುತ್ತದೆ ಎಂದು ಒಪ್ಪಿಕೊಳ್ಳಲು ಆಕೆ ಯಾವ ವಾದದಲ್ಲೂ ಸೋಲಬೇಕಾಗಿರಲಿಲ್ಲ.

ಕುಟುಂಬವನ್ನು ಹೀಗೆ ಶಿಲ್ಪದಂತೆ ನಿಲ್ಲಿಸಿ ನೋಡುವ ವಿಧಾನವನ್ನು ಅಮೆರಿಕದಲ್ಲಿ ಡೇವಿಡ್ ಕ್ಯಾಂಟರ್, ಫ್ರೆಡ್ ಮತ್ತು ಬನ್ನಿ ಡೂಲ್ ದಂಪತಿ, ವರ್ಜೀನಿಯಾ ಸಟೀರ್ ಮೊದಲಾದವರು 1960, 70ರ ದಶಕಗಳಲ್ಲಿ ಬೆಳೆಸಿದರು. ಅದರ ಬೇರು ಇನ್ನೂ ಹಿಂದಕ್ಕೆ, ರಂಗಭೂಮಿಗೆ ಹೋಗುತ್ತದೆ. 1920ರ ದಶಕದ ವಿಯೆನ್ನಾದಲ್ಲಿ ಜೇಕಬ್ ಮೊರೆನೊ ಎಂಬ ವೈದ್ಯ ಬರೆದಿಟ್ಟ ಸಂಭಾಷಣೆಯಿಲ್ಲದ, ಆ ಕ್ಷಣಕ್ಕೆ ಹೊಳೆದಂತೆ ಆಡುವ ನಾಟಕಗಳನ್ನು ನಡೆಸುತ್ತಿದ್ದ. ಅವನ ತಂಡದಲ್ಲಿ ಸದಾ ಸಾಧ್ವಿಯರ ಪಾತ್ರ ಮಾಡುವ ಒಬ್ಬ ನಟಿ. ಮನೆಯಲ್ಲಿ ಮಾತ್ರ ಅವಳು ಬೆಂಕಿ ಎಂದು ಗಂಡ ಬಂದು ಹೇಳಿಕೊಂಡ. ಮೊರೆನೊ ಅವಳಿಗೆ ಬೀದಿಯ, ಬಾಯಿಬಡುಕ ಪಾತ್ರಗಳನ್ನು ಕೊಡಲಾರಂಭಿಸಿದ. ರಂಗದ ಮೇಲೆ ಕೂಗಾಡಿ ಬಂದ ದಿನ ಮನೆಯಲ್ಲಿ ಅವಳು ಮೆತ್ತಗಾಗುತ್ತಿದ್ದಳಂತೆ. ಮುಂದೆ ಗಂಡನನ್ನೂ ರಂಗಕ್ಕೆ ಹತ್ತಿಸಿ, ಇಬ್ಬರಿಂದಲೂ ಅವರದೇ ಮನೆಯ ಪ್ರಸಂಗಗಳನ್ನು ಆಡಿಸಿದೆನೆಂದು ಅವನೇ ಬರೆದಿದ್ದಾನೆ. ಸೈಕೋಡ್ರಾಮಾ ಎಂದು ಮುಂದೆ ಹೆಸರಾದ ಪದ್ಧತಿಯ ಮೊಳಕೆ ಹೀಗೆ ಒಂದು ದಾಂಪತ್ಯದ ಜಗಳದಲ್ಲಿತ್ತು.

ಇದನ್ನು ಓದಿದಾಗ ಮೊದಲು ನನಗೆ ಅನ್ನಿಸಿದ್ದು, ಇದೆಲ್ಲ ನಮ್ಮಲ್ಲಿ ಇದ್ದದ್ದೇ ಅಲ್ಲವೇ ಎಂದು. ಮದುವೆಯಲ್ಲಿ ಬೀಗರನ್ನು ಹಂಗಿಸುವ ಹಾಡುಗಳಿವೆ. ಗಂಡಿನ ತಾಯಿಯ ಜಿಪುಣತನವನ್ನು ಅವಳೆದುರೇ ಹಾಡಿ ಅವಳಿಂದಲೇ ಎಲೆಯಡಿಕೆ ಪಡೆಯುವ ಸ್ವಾತಂತ್ರ್ಯ ಅಲ್ಲಿದೆ. ಬೀಸುವ ಕಲ್ಲಿನ ಮುಂದೆ ಕೂತ ಸೊಸೆ ಅತ್ತೆಯ ಕಾಟವನ್ನು ಕಲ್ಲಿಗೆ ಹೇಳಿಕೊಳ್ಳುತ್ತಿದ್ದಳು. ನಮ್ಮ ಕೋಲಾರ ಸೀಮೆಯ ಕೇಳಿಕೆಯಲ್ಲಿ ಹಗಲೆಲ್ಲ ಬಾಯಿ ಸತ್ತವನು ರಾತ್ರಿ ದುರ್ಯೋಧನನಾಗಿ ಗುಡುಗುತ್ತಾನೆ. ಮೈಮೇಲೆ ದೇವರು ಬಂದ ಹೆಣ್ಣು ಮಾವನನ್ನು ಏಕವಚನದಲ್ಲಿ ಗದರಿಸಿದರೆ ಮಾವ ಕೈಮುಗಿಯುತ್ತಾನೆ. ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳಲು ಊರು ಎಷ್ಟೊಂದು ವೇಷಗಳನ್ನು ಹೊಲಿದುಕೊಟ್ಟಿತ್ತು!

ಆದರೆ ಯೋಚಿಸುತ್ತ ಹೋದಂತೆ ಈ ಹೆಮ್ಮೆ ಸ್ವಲ್ಪ ಇಳಿಯಿತು. ಬೀಸುವ ಪದವನ್ನು ಅತ್ತೆ ಒಳಕೋಣೆಯಿಂದ ಕೇಳಿಸಿಕೊಂಡಳು, ಆದರೆ ಕೇಳಿಸಿಕೊಂಡೆ ಎಂದು ಒಪ್ಪಬೇಕಾಗಿರಲಿಲ್ಲ. ದೇವರು ಇಳಿದ ಮೇಲೆ ಆ ಹೆಣ್ಣು ತಾನು ಏನಂದೆನೆಂದು ಜ್ಞಾಪಕವಿಲ್ಲ ಎನ್ನಬೇಕು; ಇಲ್ಲವಾದರೆ ಮೈಮೇಲೆ ಬಂದದ್ದು ದೇವರಲ್ಲ. ಒಳಗಿನ ಕಾವು ಹೊರಗೆ ಹೋಗುತ್ತಿತ್ತು, ಮನೆ ಮಾತ್ರ ಇದ್ದ ಹಾಗೇ ಇರುತ್ತಿತ್ತು. ಬಹುಶಃ ಇದ್ದ ಹಾಗೇ ಇರಲಿ ಎಂದೇ ಊರು ಆ ವೇಷಗಳಿಗೆ ಒಪ್ಪಿಗೆ ಕೊಟ್ಟಿತ್ತು. ಬೆಂಗಳೂರಿನ ಆ ಕೋಣೆಯಲ್ಲಿ ನಡೆದದ್ದು ಬೇರೆ. ಆಟ ಮುಗಿದ ಮೇಲೆ ಆಪ್ತಸಮಾಲೋಚಕಿ ಒಬ್ಬೊಬ್ಬರನ್ನೂ ಕೇಳಿದರು: ನಿಮ್ಮ ಜಾಗದಿಂದ ಏನು ಕಂಡಿತು? ಯಾರು ಎಲ್ಲಿದ್ದರೆ ನಿಮಗೆ ಹಗುರ? ಕಲ್ಪನೆಯಲ್ಲಿ ಕಂಡದ್ದಕ್ಕೆ ಎಚ್ಚರದಲ್ಲಿ ಉತ್ತರ ಕೊಡಬೇಕಾಗಿತ್ತು.

ಆಟಕ್ಕೂ ತಂತ್ರಕ್ಕೂ ಇರುವ ಅಂತರವನ್ನೂ ಇಲ್ಲೇ ಹೇಳಬೇಕು. ನಮ್ಮ ಪಕ್ಕದ ಮಾಲೂರು ತಾಲ್ಲೂಕಿನವರಾದ ಮಾಸ್ತಿಯವರ ‘ರಂಗನ ಮದುವೆ’ ಎಲ್ಲರೂ ಓದಿರುವ ಕಥೆ. ಕಥೆ ಹೇಳುವ ಶ್ಯಾಮ, ಜೋಯಿಸರಿಗೆ ಮೊದಲೇ ಹೇಳಿಕೊಟ್ಟು ರಂಗನ ಮನಸ್ಸಿನಲ್ಲಿದ್ದುದನ್ನು ಹೊರತೆಗೆಸುತ್ತಾನೆ. ಊರ ಹಿರಿಯರ ಜಾಣತನದ ಮಾದರಿ ಅದು, ನಾನೂ ಅದನ್ನು ಮೆಚ್ಚಿ ಪಾಠ ಮಾಡಿದವನೇ. ಕುಟುಂಬ ಚಿಕಿತ್ಸೆಯಲ್ಲೂ ಇಂಥದೊಂದು ಪಂಥವಿತ್ತು. ಜಗಳ ನಿಲ್ಲಿಸಿ ಎನ್ನುವ ಬದಲು ಇಂಥ ಹೊತ್ತಿಗೆ ತಪ್ಪದೆ ಜಗಳವಾಡಿ ಎಂದು ವಿಧಿಸುವುದು, ಆ ವಿಧಿಯನ್ನು ಮುರಿಯುವ ನೆಪದಲ್ಲಿ ಅವರು ಜಗಳ ಬಿಡುವಂತೆ ಮಾಡುವುದು ಇತ್ಯಾದಿ. ಜೇ ಹೇಲಿ ಮತ್ತು ಸಂಗಡಿಗರು ಇದರಲ್ಲಿ ಪಳಗಿದ್ದರು. ಕೆಲಸವಾಗುವುದೇನೋ ಹೌದು. ಆದರೆ ಸೂತ್ರ ಒಬ್ಬನ ಕೈಯಲ್ಲಿದ್ದು ಉಳಿದವರು ಅರಿಯದೆ ಕುಣಿಯುವ ವ್ಯವಸ್ಥೆ ನನಗೀಗ ಹಿತವೆನಿಸುವುದಿಲ್ಲ. ತಮ್ಮ ‘ನಾಟಕನಾ’ ಎಂದಾಗ ಆಕೆ ಹೌದೆಂದದ್ದು ಸಣ್ಣ ಮಾತಲ್ಲ.

ಇನ್ನೊಂದು ಸಲ ಹೋದಾಗ, ಮನೆಯಲ್ಲಿ ಕವಿಯುವ ಬಿಗಿಮೌನಕ್ಕೆ ಒಂದು ಹೆಸರಿಡು ಎಂದು ಆಪ್ತಸಮಾಲೋಚಕಿ ಹುಡುಗನಿಗೆ ಹೇಳಿದರು. ಅವನು ತಡಮಾಡದೆ "ಒಂಟಿ ಸಲಗ" ಎಂದ. ನಮ್ಮ ಹೋಬಳಿಯ ಗಡಿ ಹಳ್ಳಿಗಳಿಗೆ ಆಚೆಯ ಕಾಡುಗಳಿಂದ ಆನೆ ಬರುವುದು ಹೊಸದಲ್ಲ. ಬೆಳೆ ಹೋಗಿದೆ, ಜೀವಗಳೂ ಹೋಗಿವೆ. ಅದು ಬಂದರೆ ಏನು ಮಾಡ್ತೀರಿ ಎಂದು ಆಕೆ ಕೇಳಿದರು. "ಎಲ್ಲರೂ ಅವರವರ ಬಾಗಿಲು ಹಾಕ್ಕೋತೀವಿ. ಲೈಟ್ ಆರಿಸ್ತೀವಿ. ಅದು ಹೋಗೋವರೆಗೂ ಯಾರೂ ಉಸಿರೆತ್ತಲ್ಲ." ಮೊದಲು ಯಾರಿಗೆ ಗೊತ್ತಾಗುತ್ತೆ? "ಅಮ್ಮಂಗೆ. ಅಪ್ಪ ಗೇಟ್ ತೆಗೆಯೋ ಸದ್ದಲ್ಲೇ ಗೊತ್ತಾಗುತ್ತೆ." ಆನೆಯ ವಿಷಯ ಬಂದದ್ದೇ ತಡ, ಅಮ್ಮನಿಗೂ ತಮ್ಮನಿಗೂ ಹೇಳುವುದಕ್ಕೆ ಬೇಕಾದಷ್ಟಿತ್ತು. ಎಷ್ಟು ಹೊತ್ತಿಗೆ ಬರುತ್ತದೆ, ಏನನ್ನು ತುಳಿಯುತ್ತದೆ, ಪಟಾಕಿ ಹೊಡೆದರೆ ಓಡುತ್ತದೋ ತಿರುಗಿ ಬೀಳುತ್ತದೋ. ಪಟಾಕಿಯೆಂದರೆ ತನ್ನ ಕೂಗಾಟವೆಂಬುದು ತಮ್ಮನಿಗೆ ಅರ್ಥವಾಯಿತು, ಯಾರೂ ಬಿಡಿಸಿ ಹೇಳಲಿಲ್ಲ.

ತೊಂದರೆಯನ್ನು ಮನುಷ್ಯನಿಂದ ಬೇರ್ಪಡಿಸಿ, ಹೆಸರಿಟ್ಟು ಎದುರಿಗೆ ನಿಲ್ಲಿಸುವ ಈ ಕ್ರಮವನ್ನು ಆಸ್ಟ್ರೇಲಿಯಾದ ಅಡಿಲೇಡ್‌ನ ಮೈಕೆಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ 1980ರ ದಶಕದಲ್ಲಿ ರೂಪಿಸಿದರು. ಮನುಷ್ಯ ಸಮಸ್ಯೆಯಲ್ಲ, ಸಮಸ್ಯೆಯೇ ಸಮಸ್ಯೆ ಎಂಬುದು ಅವರ ನಿಲುವು. ಅದು ನನ್ನನ್ನು ಮೊದಲು ಸೆಳೆಯಿತು, ಆಮೇಲೆ ಕಾಡಿತು. ಕಾಡಿದ್ದು ಹೀಗೆ: ನಮ್ಮ ಪಕ್ಕದ ಕೆಜಿಎಫ್‌ನಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಆರಂಭಿಸಿದ ಚಿನ್ನದ ಗಣಿಗಾರಿಕೆ 2001ರ ಫೆಬ್ರುವರಿ 28ರಂದು ನಿಂತಿತು. ಆಮೇಲಿನ ವರ್ಷಗಳಲ್ಲಿ ಕುಡಿದು ಹೊಡೆಯುವ ಗಂಡಂದಿರ ಪರವಾಗಿ ನ್ಯಾಯದ ಕೂಟಗಳಲ್ಲಿ ನಾನು ಕೇಳಿದ ಮಾತು ಒಂದೇ: ಅವನದೇನು ತಪ್ಪು, ಗಣಿ ಮುಚ್ಚಿತು, ಅವನಲ್ಲ, ಕುಡಿತ ಹೊಡೆಸುತ್ತದೆ. ಗಣಿ ಮುಚ್ಚಿದ್ದು ಸುಳ್ಳಲ್ಲ. ಕೆಲಸ ಹೋದವನ ಅವಮಾನವೂ ಸುಳ್ಳಲ್ಲ. ಆದರೆ ಹೊಡೆತ ಬಿದ್ದದ್ದು ಯಾರ ಬೆನ್ನಿಗೆ? ಸಮಸ್ಯೆಗೆ ಆನೆಯೆಂದು ಹೆಸರಿಟ್ಟು ಎಲ್ಲರೂ ಒಟ್ಟಾಗಿ ಓಡಿಸೋಣ ಎನ್ನುವುದು ನಮ್ಮ ಮನೆಯಂಥ ಕಡೆ ಸರಿ. ಆನೆಯನ್ನು ಕಟ್ಟಿ ಸಾಕಿರುವವನು ಮನೆಯೊಳಗೇ ಇದ್ದರೆ?

ಈಚೆಗೆ ಅಂಥದೊಂದು ಕೂಟಕ್ಕೆ ನನ್ನನ್ನು ಕರೆದಿದ್ದರು. ಹೊಸದಾಗಿ ಕಲಿತದ್ದನ್ನು ಪ್ರಯೋಗಿಸುವ ಆಸೆ ಮನಸ್ಸಿನಲ್ಲಿ ಇಲ್ಲದಿರಲಿಲ್ಲ. ಹುಡುಗಿಯ ತಂದೆ ಮೊದಲೇ ಹೇಳಿಬಿಟ್ಟ: "ಮೇಷ್ಟ್ರೇ, ನನ್ನ ಮಗಳಿಗೆ ಬುದ್ಧಿಮಾತು ಬೇಡ, ಸಮಾಧಾನ ಬೇಡ. ನ್ಯಾಯ ಬೇಕು." ಅವಳು ಸೆರಗು ಹೊದ್ದ ರೀತಿಯಲ್ಲೇ ಯಾಕೆಂಬುದು ತಿಳಿಯುತ್ತಿತ್ತು. ಆಟಕ್ಕೆ ಒಂದು ಷರತ್ತಿದೆ: ಸಂಜೆ ಮನೆಗೆ ಮರಳಿದ ಮೇಲೆ ಆಡಿದ್ದಕ್ಕಾಗಿ ಯಾರೂ ದಂಡ ತೆರಬಾರದು. ಗಂಡನನ್ನು ಇಲ್ಲಿ ನಿಲ್ಲಿಸು ಎಂದು ಹೆದರಿದ ಹೆಣ್ಣಿಗೆ ಹೇಳಿದರೆ ಅವಳು ನಿಜವಾದ ಜಾಗದಲ್ಲಿ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ರಾತ್ರಿ ಅದರ ಬೆಲೆ ತೆರುತ್ತಾಳೆ. ಹೊಡೆತ ಬಡಿತವಿರುವ ಕಡೆ ಗಂಡ–ಹೆಂಡತಿಯನ್ನು ಜೊತೆಗೆ ಕೂರಿಸಬಾರದೆಂಬ ಎಚ್ಚರ ಈ ವೃತ್ತಿಯವರಲ್ಲಿ ಇದ್ದೇ ಇದೆ. ಆ ದಿನ ನಾನು ಮಾಡಿದ್ದು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ಕೊಡುವ ದೂರನ್ನು ಬರೆಯಲು ನೆರವಾದದ್ದಷ್ಟೆ. ತಪ್ಪು ಯಾರದೆಂದು ಕೇಳುವ ನನ್ನ ಹಳೆಯ ಕುರ್ಚಿಗೂ ಒಂದು ಕೆಲಸವಿದೆ.

ತಮ್ಮನ ವಿಷಯದಲ್ಲೂ ಒಂದು ಸಂದೇಹ ನನ್ನನ್ನು ಬಿಟ್ಟಿಲ್ಲ. ಹುಡುಗ ಅವನನ್ನು ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದ, ನಾವೆಲ್ಲ ಅದನ್ನು ಅವನು ಮನೆಗೆ ಬೆನ್ನು ತಿರುಗಿಸಿದ್ದಾನೆ ಎಂದು ಓದಿಕೊಂಡೆವು. ಆದರೆ ಅವನ ಮುಖವನ್ನು ತಿರುಗಿಸಿದ್ದು ರೈಲಿನ ವೇಳಾಪಟ್ಟಿ. ಮಾರಿಕುಪ್ಪಂ, ಬಂಗಾರಪೇಟೆ, ಕಾಮಸಮುದ್ರದ ನಿಲ್ದಾಣಗಳಲ್ಲಿ ಮುಂಜಾನೆ ನಿಂತು ನೋಡಿದರೆ ಇಂಥ ಅಪ್ಪಂದಿರ ಸಾಲೇ ಕಾಣುತ್ತದೆ. ಗಣಿ ಇದ್ದಾಗ ಅಪ್ಪಂದಿರು ನೆಲದೊಳಕ್ಕೆ ಇಳಿಯುತ್ತಿದ್ದರು, ಈಗ ಬೆಂಗಳೂರಿಗೆ ಹತ್ತುತ್ತಾರೆ. ಕೋಣೆಯೊಳಗಿನ ಕಲ್ಪನೆ ಅಪ್ಪನನ್ನು ಎರಡು ಹೆಜ್ಜೆ ಒಳಗೆ ಸರಿಸಬಲ್ಲದು. ರೈಲನ್ನು ಸರಿಸಲಾರದು. ಊರಿನ ಅರ್ಥವ್ಯವಸ್ಥೆ ಮಾಡಿದ ಗಾಯವನ್ನು ಒಂದು ಮನೆಯ ಸ್ವಭಾವದೋಷವೆಂದು ಓದಿಸಿಬಿಡುವ ಅಪಾಯ ಈ ಸುಂದರ ವಿಧಾನಗಳೊಳಗೇ ಇದೆ. ಇದನ್ನು ಆಪ್ತಸಮಾಲೋಚಕಿಗೇ ಹೇಳಿದೆ. ಆಕೆ ವಾದಿಸಲಿಲ್ಲ. ಮುಂದಿನ ಸಲ ಹುಡುಗನಿಗೆ, ಅಪ್ಪನ ಜಾಗದಲ್ಲಿ ನೀನೇ ಬ್ಯಾಗು ಹೊತ್ತು ನಿಲ್ಲು, ಅವನ ಒಂದು ದಿನವನ್ನು ಆಡಿ ತೋರಿಸು ಎಂದರು. ಹುಡುಗನಿಗೆ ಬಂಗಾರಪೇಟೆಯಿಂದಾಚೆ ಅಪ್ಪನ ದಿನ ಗೊತ್ತಿರಲಿಲ್ಲ. ಅಲ್ಲಿಗೇ ನಿಂತುಬಿಟ್ಟ. ಮುಂದಿನದನ್ನು ತಮ್ಮ ಅವನ ಕಿವಿಯ ಬಳಿ ನಿಂತು ಹೇಳುತ್ತ ಹೋದ: ಎಲ್ಲಿ ನಿಲ್ಲೋಕೆ ಜಾಗ ಸಿಗುತ್ತೆ, ಎಲ್ಲಿ ತಿಂಡಿ ಡಬ್ಬಿ ತೆಗೀತೀನಿ, ಸೂಪರ್‌ವೈಸರ್ ಏನಂತಾನೆ. ಅಪ್ಪ ಮಗ ಅಷ್ಟು ಹತ್ತಿರ ನಿಂತದ್ದನ್ನು ನಾನು ಬಹುಕಾಲದಿಂದ ನೋಡಿರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಮಾತ್ರ ಆಪ್ತಸಮಾಲೋಚಕಿ ಕೇಳಿದ ಇನ್ನೊಂದು ಪ್ರಶ್ನೆ. ಅಮೆರಿಕದ ಮಿಲ್ವಾಕಿಯಲ್ಲಿ ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ದಂಪತಿ ಬಳಕೆಗೆ ತಂದ ಪ್ರಶ್ನೆ ಅದು. ಈ ರಾತ್ರಿ ನೀವು ನಿದ್ದೆಯಲ್ಲಿರುವಾಗ ಪವಾಡ ನಡೆದು ಕಷ್ಟವೆಲ್ಲ ಮಾಯವಾಯಿತೆಂದುಕೊಳ್ಳಿ; ಬೆಳಿಗ್ಗೆ ಎದ್ದಾಗ ಯಾವ ಗುರುತಿನಿಂದ ನಿಮಗೆ ಗೊತ್ತಾಗುತ್ತದೆ? ತಮ್ಮನಿಗೆ ಉತ್ತರ ನಾಲಗೆಯ ತುದಿಯಲ್ಲಿತ್ತು: "ಕಾಮಸಮುದ್ರದಲ್ಲೇ ಕೆಲಸ ಸಿಕ್ಕಿರುತ್ತೆ." ಹುಡುಗ, ಶಾಲೆಗೆ ಬೀಗ ಬಿದ್ದಿರುತ್ತೆ ಎಂದ, ನಾವು ನಕ್ಕೆವು. ಅಮ್ಮ, ಎಲ್ಲ ಮೊದಲಿನ ಹಾಗೆ ಇದ್ದರೆ ಸಾಕು ಎಂದಳು. ತಮ್ಮನ ಹೆಂಡತಿ ಮಾತ್ರ ಸುಮ್ಮನಿದ್ದಳು. ಆಕೆ ಮತ್ತೆ ಕೇಳಿದರು. "ನಂಗೆ ಅಂತ ಏನೂ ಹೊಳೀತಾ ಇಲ್ಲ ಮೇಡಂ" ಎಂದಳು. ಹೇಳಲು ಸಂಕೋಚವೆಂದು ನಾನು ಮೊದಲು ತಿಳಿದೆ. ಅವಳ ಮುಖ ನೋಡಿದರೆ ಹಾಗಿರಲಿಲ್ಲ. ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ.

ಕಲ್ಪನೆ ಎಲ್ಲರಿಗೂ ಸಮನಾಗಿ ಹಂಚಿಹೋದ ಶಕ್ತಿ, ದುಡ್ಡಿಲ್ಲದವರೂ ಕನಸು ಕಾಣಬಹುದು ಎಂದು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ. ಅವಳನ್ನು ನೋಡುತ್ತ ಅದು ಸುಲಭದ ಮಾತೆನ್ನಿಸಿತು. ಬೇಕು ಎಂದು ಹೇಳಿದಾಗ ಸ್ವಲ್ಪವಾದರೂ ಸಿಕ್ಕಿದ ಅನುಭವ ಇದ್ದವರಿಗೆ ಬೇಕಾದದ್ದನ್ನು ಕಲ್ಪಿಸಿಕೊಳ್ಳಲು ಬರುತ್ತದೆ. ಒಂದು ಮನೆಯಲ್ಲಿ ಅಧಿಕಾರ ಹೇಗೆ ಹಂಚಿಹೋಗಿದೆಯೋ ಕನಸು ಕಾಣುವ ಸಲುಗೆಯೂ ಹಾಗೆಯೇ ಹಂಚಿಹೋಗಿರುತ್ತದೆ. ಹುಡುಗನಿಗೆ ಒಂದಿಷ್ಟು, ಗಂಡಸಿಗೆ ಒಂದಿಷ್ಟು, ಮುದುಕಿಗೆ ಹಿಂದಿನದರ ನೆನಪು. ಮೊದಲು ಎದ್ದು ಕೊನೆಗೆ ಮಲಗುವವಳ ಪಾಲಿಗೆ ಉಳಿದದ್ದು ಕಡಿಮೆ. ಕಲ್ಪಿಸಿಕೊಳ್ಳಿ ಎಂದು ಎಲ್ಲರಿಗೂ ಒಂದೇ ದನಿಯಲ್ಲಿ ಹೇಳಿಬಿಟ್ಟರೆ ಆಯಿತೆಂದುಕೊಳ್ಳುವ ಚಿಕಿತ್ಸಕ ಈ ಅಸಮಾನತೆಯ ಮೇಲೆ ನಡೆದುಹೋಗಿಬಿಡುತ್ತಾನೆ. ಆಕೆ ಹಾಗೆ ಮಾಡಲಿಲ್ಲ. ಪವಾಡದ ಮಾತು ಬಿಟ್ಟು ಹುಳುವಿನ ವಿಷಯಕ್ಕೆ ಬಂದರು. ಮೊಟ್ಟೆ ಒಡೆದಲ್ಲಿಂದ ಗೂಡು ಕಟ್ಟುವವರೆಗೆ ದಿನ ಹೇಗೆ ಹೋಗುತ್ತೆ ಹೇಳಿ ಎಂದರು.

ಅಷ್ಟು ಹೊತ್ತು ಮಾತಿಗೆ ತಡಕಾಡುತ್ತಿದ್ದವಳು ಅಲ್ಲಿ ಪಂಡಿತೆ. ಚಾಕಿ ಹುಳಕ್ಕೆ ಎಳೆ ಸೊಪ್ಪನ್ನು ಹೇಗೆ ಸಣ್ಣಗೆ ಹೆಚ್ಚಬೇಕು, ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಎಷ್ಟು ತಿನ್ನುತ್ತದೆಂದರೆ ಸೊಪ್ಪು ಕಡಿಯುವ ಸದ್ದು ಮಳೆ ಬಂದ ಹಾಗೆ ಕೇಳುತ್ತದೆ, ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಹಾಕುವ ದಿನ ಊಟವೂ ನೆನಪಾಗುವುದಿಲ್ಲ. ರೇಷ್ಮೆ ಸಾಕುವವರಿಗೆ ಗೊತ್ತು: ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನೇ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸುಮಾರು ಒಂದು ದಿನ ತಲೆಯೆತ್ತಿ ಅಲುಗಾಡದೆ ಇರುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಇದನ್ನು ವಿವರಿಸುತ್ತಿದ್ದವಳು ಅರ್ಧಕ್ಕೆ ನಿಂತಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ, "ಹುಳ ಜ್ವರಕ್ಕೆ ಕೂತಾಗ ನಾನೂ ಒಂದು ದಿನ ಹಾಗೇ ಇರಬೇಕು. ಯಾರೂ ಮುಟ್ಟಬಾರ್ದು, ಯಾರೂ ಎಬ್ಬಿಸಬಾರ್ದು" ಎಂದಳು.

ಅಮ್ಮ ತಕ್ಷಣ, "ಹುಳಕ್ಕೆ ಜ್ವರ ಬಂದ್ರೆ ಒಲೆಗೂ ಜ್ವರ ಬರುತ್ತಾ?" ಎಂದಳು. ಅದು ಹಂಗಿಸುವ ಮಾತೇ. ಆದರೆ ಅದರಲ್ಲಿ ನಿಜವಾದ ಪ್ರಶ್ನೆಯೂ ಇತ್ತು. ಹುಳು ಸುಮ್ಮನಿದ್ದರೂ ಹಸು ಸುಮ್ಮನಿರುವುದಿಲ್ಲ, ಡೇರಿಗೆ ಹಾಲು ಹೊತ್ತಿಗೆ ಸರಿಯಾಗಿ ಹೋಗಬೇಕು, 70 ದಾಟಿದ ಅಮ್ಮನಿಗೆ ಬಗ್ಗಲಾಗುವುದಿಲ್ಲ. ಆಪ್ತಸಮಾಲೋಚಕಿ ಯಾರ ಪರವನ್ನೂ ವಹಿಸದೆ, ಅಜ್ಜಿ ಹೇಳಿದ್ದು ಸರಿ, ಒಲೆಯನ್ನು ಏನು ಮಾಡೋಣ ಎಂದು ಎಲ್ಲರ ಮುಖ ನೋಡಿದರು. ಹಾಲು ತಾನು ಹಾಕಿ ಬರುತ್ತೇನೆಂದು ಹುಡುಗ ಹೇಳಿದ. ತಮ್ಮ ರಜೆಯ ಲೆಕ್ಕ ಹಾಕಿದ. ಜ್ವರ ಭಾನುವಾರ ನೋಡಿಕೊಂಡು ಬರುವುದಿಲ್ಲವಲ್ಲ ಎಂದು ಗೊಣಗಿದ. ಊಟ ನಮ್ಮ ಮನೆಯಿಂದ ಬರುತ್ತದೆ ಎಂದು ನಾನು ಒಪ್ಪಿಕೊಂಡೆ, ನನ್ನ ಹೆಂಡತಿಯನ್ನು ಕೇಳದೆಯೇ. ಅದರ ವಿಚಾರಣೆ ನಮ್ಮ ಮನೆಯಲ್ಲಿ ಬೇರೆಯಾಗಿ ನಡೆಯಿತು.

ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಯಾವುದರಿಂದ ಹೋದ ಎಂದು ನಾನು ಹೇಳಲಾರೆ. ಆಪ್ತಸಮಾಲೋಚಕಿಯ ಬಳಿಗೆ ಮತ್ತೆ ಬರುವುದಿಲ್ಲವೆಂದು ತಮ್ಮ ಹಟ ಹಿಡಿದ, ಅಷ್ಟು ಹೊತ್ತಿಗೆ ಹೋಗಿ ಬರುವ ಖರ್ಚೂ ಭಾರವಾಗಿತ್ತು. 2022ರ ಅಕ್ಟೋಬರಿನಿಂದ 14416ಕ್ಕೆ ಕರೆಮಾಡಿದರೆ ಟೆಲಿ–ಮಾನಸ್‌ನಲ್ಲಿ ಕನ್ನಡದಲ್ಲೇ ಮನಸ್ಸಿನ ಕಷ್ಟ ಹೇಳಿಕೊಳ್ಳಬಹುದು, ಅದು ದೊಡ್ಡ ಉಪಕಾರವೇ. ಆದರೆ ಫೋನಿನಲ್ಲಿ ಯಾರನ್ನು ಎಲ್ಲಿ ನಿಲ್ಲಿಸುವುದು? ಒಂದು ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮನೆಮಂದಿಯೆಲ್ಲ ಕೂರಬಹುದಾದ ಒಂದು ಕೋಣೆ, ವಾರಕ್ಕೊಮ್ಮೆ ಬರುವ ಒಬ್ಬ ಆಪ್ತಸಮಾಲೋಚಕಿ ಇದ್ದರೆ ಎಷ್ಟೋ ಮನೆಗಳು ನ್ಯಾಯದ ಕುರ್ಚಿಯವರೆಗೆ ಬರಬೇಕಾಗಿರಲಿಲ್ಲ. ನನ್ನ ಪವಾಡದ ಉತ್ತರ ಅದು. ಆ ದಿನ ನನ್ನನ್ನು ಯಾರೂ ಕೇಳಲಿಲ್ಲ.

ಜ್ವರದ ದಿನದ ಏರ್ಪಾಡು ಕೆಲವು ಬೆಳೆಗಳಲ್ಲಿ ನಡೆಯಿತು. ಆಮೇಲೊಂದು ಬೆಳೆಯಲ್ಲಿ ಗೂಡಿನ ಬೆಲೆ ಕುಸಿದು ಆಳು ಬಿಡಿಸಬೇಕಾಗಿ ಬಂತು, ಆ ಸಲ ತಪ್ಪಿಹೋಯಿತು. ತಪ್ಪಿತೆಂಬುದನ್ನು ನನಗೆ ಫೋನಿನಲ್ಲಿ ತಿಳಿಸಿದವಳು ಅಮ್ಮ. ಬೆಲೆಯ ಸಂಗತಿ ಹೇಳಿ, ಹಸು ಕರು ಹಾಕಿದ್ದು ಹೇಳಿ, ಇನ್ನೇನು ಫೋನು ಇಡುವ ಹೊತ್ತಿಗೆ, "ಅವಳು ಈ ಸಲ ಮಲಗ್ಲೇ ಇಲ್ಲ ಕಣೋ" ಎಂದಳು.